ನಿಧಾನ ಹೋದರೆ ಕುದಿಯುವ ಗಾಡಿ

ಹನುಮಂತಮ್ಮನ ಮೋಟಾರ್‌ಸೈಕಲ್ಲಿಗೆ ಒಂದು ವಿಚಿತ್ರ ರೋಗವಿತ್ತು. ಜೋರಾಗಿ ಓಡಿಸಿದರೆ ಅದು ತಣ್ಣಗಿರುತ್ತಿತ್ತು. ನಿಲ್ಲಿಸಿಕೊಂಡು ಎಂಜಿನ್ ಚಾಲೂ ಇಟ್ಟರೂ ಹೇಗೋ ತಡೆದುಕೊಳ್ಳುತ್ತಿತ್ತು. ನಿಧಾನವಾಗಿ ಹೋದರೆ ಮಾತ್ರ ಕುದಿಯುತ್ತಿತ್ತು.

ಆಕೆಯ ಕೆಲಸವೋ ನಿಧಾನವಾಗಿ ಹೋಗುವುದೇ. ನವಲಿ ಕಡೆಯ ಒಂದು ಉಪಕಾಲುವೆಯ ದಂಡೆ ಕಾಯಲು ನೀರು ಬಳಕೆದಾರರ ಸಂಘದವರು ಆಕೆಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಮಣ್ಣು ಎಲ್ಲಿ ಜಾರಿದೆ, ಏಡಿ ಎಲ್ಲಿ ತೂತು ಕೊರೆದಿದೆ, ಯಾವ ತೂಬಿನ ಬಾಯಿಗೆ ಯಾರು ರಾತ್ರೋರಾತ್ರಿ ಚೀಲ ತುರುಕಿದ್ದಾರೆ ಎಂದು ನೋಡುತ್ತ, ಕಾಲುವೆ ಮುಗಿಯುವ ಕೊನೆಯ ಗದ್ದೆಯವರೆಗೆ ಹೋಗಿ ಬರಬೇಕು. ಜೋರಾಗಿ ಹೋದರೆ ಕಣ್ಣಿಗೆ ಏನೂ ಬೀಳುವುದಿಲ್ಲ. ಮೊದಲು ಆಕೆ ನಡೆದೇ ಹೋಗುತ್ತಿದ್ದಳು. ಕುಷ್ಟಗಿಯಲ್ಲಿದ್ದ ಮೈದುನ ಯಂಕೇಶ ಸರಕು ಸಾಗಿಸುವ ಗಾಡಿ ಕೊಂಡ ಮೇಲೆ ತನ್ನ ದೊಡ್ಡ ಮೋಟಾರ್‌ಸೈಕಲನ್ನು ಅತ್ತಿಗೆಗೆ ಬಿಟ್ಟುಕೊಟ್ಟ. ಗಂಡನಿಗೆ ಸೈಕಲ್ಲೂ ಬಾರದು. ಹೀಗಾಗಿ ಗಾಡಿ ಪೂರ್ತಿ ಆಕೆಯದೇ ಆಯಿತು. ಸೀರೆಯ ಮೇಲೊಂದು ಗಂಡನ ಅಂಗಿ ತೊಟ್ಟು, ತಲೆಗೆ ಟವೆಲು ಸುತ್ತಿ ಹೊರಟರೆ ಭತ್ತದ ಕಳೆ ಕೀಳುವ ಹೆಂಗಸರು ಎದ್ದು ನಿಂತು ನೋಡುತ್ತಿದ್ದರು.

ಬೇಸಿಗೆ ಬಂದ ಕೂಡಲೇ ತೊಂದರೆ ಶುರುವಾಯಿತು. ದಂಡೆಯ ಮೇಲೆ ಅರ್ಧ ದಾರಿ ಹೋಗುವಷ್ಟರಲ್ಲಿ ಮುಂದಿನ ಮೀಟರಿನ ಗಾಜಿನಲ್ಲಿ ಕೆಂಪು ದೀಪ ಹತ್ತುತ್ತಿತ್ತು. ಎಂಜಿನ್ ತಣಿಸುವ ನೀರು ಗುಳುಗುಳು ಸದ್ದು ಮಾಡಿ ಪಕ್ಕದ ಡಬ್ಬಿಯಿಂದ ಉಕ್ಕುತ್ತಿತ್ತು. ಆಕೆ ಇಳಿದು ಜಾಲಿಯ ನೆರಳಿನಲ್ಲಿ ಕುಳಿತು ಅದು ತಣ್ಣಗಾಗುವುದನ್ನೇ ಕಾಯಬೇಕು. ಹಾಗೆ ಕಾಯುತ್ತ ಕುಳಿತ ಒಂದು ದಿನ ಕಾಲುವೆಯ ಕೆಳತುದಿಯಲ್ಲಿ ದಂಡೆ ಒಡೆದು, ಒಬ್ಬರ ಗದ್ದೆಗೆ ಹೋಗಬೇಕಿದ್ದ ನೀರೆಲ್ಲ ಹಳ್ಳದ ಪಾಲಾಯಿತು. ಸಂಘದ ಅಧ್ಯಕ್ಷ ವಿರುಪಾಕ್ಷಿ ಮನೆಯವರೆಗೂ ಬಂದ.

“ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ,” ಎಂದ. “ಆದ್ರ ಕೊನೀ ಗದ್ದಿಯವ್ರು ಜಗಳಕ್ಕ ಬಂದಾರ. ಗಾಡಿ ಸರಿ ಮಾಡಿಸು. ಇಲ್ಲಂದ್ರ ಆ ಭಾಗ ಬ್ಯಾರೇದವ್ರಿಗೆ ಕೊಡಬೇಕಾಗ್ತೈತಿ.”

ಕೊನೆಯ ಭಾಗವೆಂದರೆ ಹನುಮಂತಮ್ಮನಿಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿಗೆ ನೀರು ಮುಟ್ಟಿತೆಂದರೆ ಅಂದಿನ ಕೆಲಸ ಆಯಿತು ಎಂಬ ಸಮಾಧಾನ. ಮರುದಿನವೇ ಗಂಗಾವತಿಗೆ ಹೋಗಿ ಮುನವ್ವರನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದಳು.

ಮುನವ್ವರನಿಗೆ ನಲವತ್ತರ ಆಸುಪಾಸು. ಮುಂದೆ ಗ್ಯಾರೇಜು, ಹಿಂದೆ ಮನೆ. ಕೆಟ್ಟ ಗಾಡಿಗಿಂತ ಯಾಕೆ ಕೆಟ್ಟಿತು ಎಂದು ತಿಳಿಯದ ಗಾಡಿ ಅವನನ್ನು ಹೆಚ್ಚು ಕಾಡುತ್ತಿತ್ತು. ಆದರೂ ಆಕೆಯ ಮಾತು ಕೇಳಿ ಮೊದಲು ನಕ್ಕ.

“ನಿಧಾನ ಹೋದ್ರ ಕಾಯ್ತೈತಿ, ನಿಂತ್ರ ಕಾಯಂಗಿಲ್ಲ ಅಂದ್ರ ಹೆಂಗ್ರಿ ಅಕ್ಕಾರ? ನಿಂತಾಗ ಗಾಳೀನ ಇರಂಗಿಲ್ಲಲ್ಲ?”

“ನನಗ ಹೆಂಗ ಗೊತ್ತಾಗ್ಬೇಕ್ರಿ? ನಾ ಕಂಡಿದ್ದು ಹೇಳಿದೆ.”

ಅವನು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಚಾಲೂ ಮಾಡಿ ಬಿಟ್ಟ. ಮೀಟರಿನಲ್ಲಿ ಬಿಸಿ ತೋರಿಸುವ ಮುಳ್ಳು, ಅಂದರೆ ಕಾಟಾ, ನಿಧಾನವಾಗಿ ಮೇಲೇರಿತು. ಮುಂದಿನ ಚಕ್ರದ ಹಿಂದಿರುವ ರೇಡಿಯೇಟರಿನ ಬೆನ್ನಿಗೆ ಅಂಟಿಕೊಂಡ ಸಣ್ಣ ಫ್ಯಾನು ತಾನಾಗಿಯೇ ಗುಂಯ್ ಎಂದು ತಿರುಗತೊಡಗಿತು. ಕಾಟಾ ಇನ್ನಷ್ಟು ಏರಿ ಕೆಂಪು ಗೆರೆಗೆ ಮೊದಲೇ ನಿಂತಿತು. ದೀಪ ಹತ್ತಲಿಲ್ಲ.

“ಫ್ಯಾನ್ ಛಲೋ ಐತಿ,” ಎಂದು ಮುನವ್ವರ ಅದನ್ನು ಲೆಕ್ಕದಿಂದ ಬಿಟ್ಟುಬಿಟ್ಟ. ರೇಡಿಯೇಟರ್ ತೊಳೆದು, ಅದರ ನೀರು ಬದಲಿಸಿ, ಹೇಮಗುಡ್ಡದ ರಸ್ತೆಯಲ್ಲಿ ಜೋರಾಗಿ ಓಡಿಸಿಕೊಂಡು ಬಂದ. ಗಾಡಿ ತಣ್ಣಗೇ ಇತ್ತು. ಒಯ್ಯಿರಿ ಎಂದ. ಒಯ್ದಳು. ಮರುದಿನ ಕಾಲುವೆಯ ದಂಡೆಯ ಮೇಲೆ ಅದು ಮತ್ತೆ ಕುದಿಯಿತು.

ಎರಡನೆಯ ಸಲ ಆಕೆ ಬಂದಾಗ ಮುನವ್ವರ ನಗಲಿಲ್ಲ. ಥರ್ಮೋಸ್ಟಾಟ್ ಎಂಬ ಪುಟ್ಟ ಕವಾಟವನ್ನು ಬಿಚ್ಚಿ ತೆಗೆದ. ನೀರು ಬಿಸಿಯಾದಾಗ ಅದು ಬಾಯಿ ತೆರೆಯಬೇಕು, ಇಲ್ಲದಿದ್ದರೆ ಬಿಸಿನೀರು ರೇಡಿಯೇಟರಿಗೆ ಹೋಗುವುದೇ ಇಲ್ಲ. ಅದನ್ನು ಹಿಡಿದುಕೊಂಡು ನೇರ ಅಡುಗೆಮನೆಗೆ ನಡೆದ. ಅವನ ಹೆಂಡತಿ ಮುಮ್ತಾಜಬೇಗಂ ಒಳಗಿನಿಂದ ಕೂಗಿದಳು:

“ಚಾದ ಪಾತೇಲಿ ಮುಟ್ಟಬ್ಯಾಡ್ರಿ! ಹಳೇದು ಅಲ್ಲೇ ಕೆಳಗ ಐತಿ ನೋಡ್ರಿ!”

ಹಳೆಯ ಪಾತ್ರೆಯಲ್ಲಿ ನೀರು ಕಾಯಿಸಿ ಕವಾಟವನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟರು. ಮೂವರೂ ಬಗ್ಗಿ ನೋಡುತ್ತ ನಿಂತರು. ನೀರಿನಲ್ಲಿ ಗುಳ್ಳೆ ಏಳುವ ಹೊತ್ತಿಗೆ ಕವಾಟ ಮೆಲ್ಲಗೆ ಬಾಯಿ ತೆರೆಯಿತು.

“ಅಯ್ಯ, ಮೀನಿನಂಗ ಬಾಯಿ ಬಿಡ್ತು!” ಎಂದಳು ಹನುಮಂತಮ್ಮ.

ಮುನವ್ವರನ ಮುಖ ಮಾತ್ರ ಸಪ್ಪಗಾಯಿತು. ಇದೂ ಚೆನ್ನಾಗಿದೆ ಎಂದ ಮೇಲೆ ಹುಡುಕಲು ಇನ್ನೇನು ಉಳಿಯಿತು? ಎಲ್ಲವನ್ನೂ ಮತ್ತೆ ಜೋಡಿಸಿ ಕೈ ಒರೆಸಿಕೊಳ್ಳುತ್ತ ಕೇಳಿದ:

“ಅಕ್ಕಾರ, ನೀವು ಹೆಂಗ ಓಡಿಸ್ತೀರಿ ಅನ್ನೂದು ನಾ ನೋಡೇ ಇಲ್ಲ. ನಾಳಿ ನನ್ನ ಸ್ಕೂಟರ್ ತಗೊಂಡು ನಿಮ್ಮ ಹಿಂದ ಬರ್ತೀನಿ. ನಡೀತೈತಿಲ್ಲೋ?”

“ಬರ್ರಿ. ಆದ್ರ ನಿಮಗ ಬ್ಯಾಸರ ಆಗ್ತೈತಿ. ನಾ ಕುರಿ ಹಿಂಡಿನ ಜೋಡಿ ಹೋದಂಗ ಹೋಗ್ತೀನಿ.”

ಮರುದಿನ ಬೆಳಿಗ್ಗೆ ಅವನು ಹೇಳಿದಂತೆ ಬಂದ. ಆಕೆ ಮುಂದೆ, ಅವನು ಹಿಂದೆ. ಎಡಗಡೆ ತುಂಬಿ ಹರಿಯುವ ಕಾಲುವೆ, ಬಲಗಡೆ ತೆನೆ ಹಿಡಿಯುತ್ತಿದ್ದ ಭತ್ತ. ಎದುರಿನಿಂದ ಬಿಸಿಗಾಳಿ ಬೀಸುತ್ತಿತ್ತು. ಎರಡು ತೂಬು ದಾಟುವಷ್ಟರಲ್ಲಿ ಹನುಮಂತಮ್ಮ ಕೈ ಎತ್ತಿ ಗಾಡಿ ನಿಲ್ಲಿಸಿದಳು. ಕೆಂಪು ದೀಪ ಹತ್ತಿತ್ತು. ಡಬ್ಬಿಯಲ್ಲಿ ಗುಳುಗುಳು ಸದ್ದು. ಫ್ಯಾನು ಗುಂಯ್ ಎಂದು ತಿರುಗುತ್ತಲೇ ಇತ್ತು.

ಮುನವ್ವರ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದ. “ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರಿ, ಕುದಿನೀರು ಮುಖಕ್ಕ ಹಾರ್ತೈತಿ,” ಎಂದು ಎಚ್ಚರಿಸಿದ. ಆಮೇಲೆ ಕೇಳಿದ: “ಇಷ್ಟು ಕಾದ ಗಾಡಿ ಮ್ಯಾಲ ಹೆಂಗ ಕುಂಡರ್ತೀರಿ? ಕಾಲು ಸುಡಂಗಿಲ್ಲೇನು?”

“ಇಲ್ರಿ. ಅದೊಂದು ಛಲೋ ಐತಿ ನೋಡ್ರಿ ಇದರಾಗ. ಕಾಲಿಗೆ ಝಳಾನ ಬಡಿಯಂಗಿಲ್ಲ.”

ಮುನವ್ವರ ಆಕೆಯ ಮುಖವನ್ನೇ ನೋಡಿದ. ಈ ಜಾತಿಯ ಗಾಡಿ ತಂದವರೆಲ್ಲ ಮೊಣಕಾಲ ಕೆಳಗೆ ಝಳ ಬಡಿಯುತ್ತದೆ ಎಂದೇ ದೂರುತ್ತಿದ್ದರು. ಇಲ್ಲಿ ನೀರು ಕುದಿಯುತ್ತಿದೆ, ಆದರೆ ಬಿಸಿ ಓಡಿಸುವವಳ ಕಾಲಿಗೆ ತಾಗುತ್ತಿಲ್ಲ.

“ಹಂಗಾದ್ರ ಬಿಸಿ ಎಲ್ಲಿಗೆ ಹೋಗ್ತೈತಿ?” ಎಂದು ತನಗೆ ತಾನೇ ಕೇಳಿಕೊಂಡ.

ಇಬ್ಬರೂ ಜಾಲಿಯ ನೆರಳಿನಲ್ಲಿ ಕುಳಿತರು. ಆಕೆ ಬಾಟಲಿಯ ನೀರು ಕೊಟ್ಟಳು. ಅವನು ಒಂದು ಗುಟುಕು ಕುಡಿದು ಫ್ಯಾನನ್ನೇ ನೋಡುತ್ತ ಕುಳಿತ. ಹನುಮಂತಮ್ಮ ಕೇಳಿದಳು:

“ಒಂದು ಮಾತು ಕೇಳ್ತೀನಿ, ನಗಬ್ಯಾಡ್ರಿ. ಆ ಫ್ಯಾನ್ ಬಂದ್ ಮಾಡಿ ಓಡಿಸಿದ್ರ ಏನಾಗ್ತೈತಿ?”

“ಇನ್ನೂ ಲಗೂನ ಕುದೀತೈತಿ.”

“ಕುದೀಲಿ ಬಿಡ್ರಿ. ಹೆಂಗೂ ಕುದಿಯೂದ ಐತಿ. ಎಷ್ಟು ಲಗೂನ ಅನ್ನೂದಾದ್ರೂ ಗೊತ್ತಾಗ್ತೈತಲ್ಲ?”

ಅವನಿಗೆ ನಗು ಬಂತು, ಆದರೆ ಮಾತು ಹಿಡಿಸಿತು. ಗಾಡಿ ತಣ್ಣಗಾದ ಮೇಲೆ ಫ್ಯಾನಿನ ತಂತಿಯ ಕೊಂಡಿ ಕಳಚಿದ. ಮೊದಲು ಹೊರಟ ಜಾಗಕ್ಕೇ ಹಿಂದಿರುಗಿ, ಅದೇ ದಂಡೆಯ ಮೇಲೆ ಅದೇ ನಿಧಾನದಲ್ಲಿ ಮತ್ತೆ ಹೊರಟರು. ಮೊದಲ ತೂಬು ಬಂತು. ಎರಡನೆಯದೂ ಬಂತು. ಮೊದಲು ದೀಪ ಹತ್ತಿದ ಜಾಲಿಯ ಗಿಡವೂ ದಾಟಿಹೋಯಿತು. ಹನುಮಂತಮ್ಮ ಕಾಟಾದ ಮೇಲೆ ಒಂದು ಕಣ್ಣು, ಕಾಲುವೆಯ ಮೇಲೆ ಒಂದು ಕಣ್ಣು ಇಟ್ಟಿದ್ದಳು. ಕಾಟಾ ಏರಿತ್ತು ನಿಜ, ಆದರೆ ಕೆಂಪು ಗೆರೆಯನ್ನು ಮುಟ್ಟಲೇ ಇಲ್ಲ. ಆಕೆ ನಿಲ್ಲಿಸಿ ತಿರುಗಿ ನೋಡಿದಳು.

“ಕುದೀಲಿಲ್ರಿ!”

ಮುನವ್ವರ ಸ್ಕೂಟರ್ ಇಳಿದು ಓಡಿ ಬಂದ. ಕಾಟಾ ನೋಡಿದ. ಬೆರಳಿನಿಂದ ಗಾಜು ತಟ್ಟಿಯೂ ನೋಡಿದ. “ಫ್ಯಾನ್ ಇದ್ರ ಕುದೀತೈತಿ, ಇಲ್ಲಂದ್ರ ಕುದಿಯಂಗಿಲ್ಲ! ಅಂದ್ರ ಈ ಫ್ಯಾನ್ ತಂಪು ಮಾಡವಲ್ದು ಅಕ್ಕಾರ, ತಂಪು ಆಗೂದನ್ನ ತಡೀಲಿಕತ್ತೈತಿ!”

ಗಾಡಿ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟು, ಕೊಂಡಿಯನ್ನು ಮತ್ತೆ ಸಿಕ್ಕಿಸಿದ. ಫ್ಯಾನು ತಿರುಗಿತು. ಹನುಮಂತಮ್ಮ ಕುಕ್ಕರಗಾಲಿನಲ್ಲಿ ಕುಳಿತು, ಮುಂದಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಹಿಂಭಾಗಕ್ಕೆ ಅಂಗೈ ಹಿಡಿದಳು. ತಟ್ಟನೆ ಕೈ ಹಿಂದೆಳೆದುಕೊಂಡಳು.

“ಇಲ್ಲಿ ನೋಡ್ರಿ! ಝಳ ಎಲ್ಲಾ ಈ ಕಡೆ ಬರ್ತೈತಿ!”

ಅಲ್ಲೇ ದಂಡೆಯ ಪಕ್ಕದ ಬಣವೆಯಿಂದ ಉದುರಿ ಬಿದ್ದಿದ್ದ ಒಣಹುಲ್ಲಿನಿಂದ ಮುನವ್ವರ ಒಂದು ತೆಳ್ಳನೆಯ ಎಲೆಯನ್ನು ಎತ್ತಿಕೊಂಡ. ಫ್ಯಾನು ಸರಿಯಾಗಿದ್ದರೆ ಮುಂದಿನ ಗಾಳಿಯನ್ನು ಒಳಗೆ ಎಳೆಯಬೇಕು, ಎಲೆ ರೇಡಿಯೇಟರಿನ ಮುಖಕ್ಕೆ ಅಂಟಿಕೊಳ್ಳಬೇಕು. ಹತ್ತಿರ ಹಿಡಿದು ಬಿಟ್ಟ. ಎಲೆ ಅಂಟಲಿಲ್ಲ. ಯಾರೋ ಊದಿದಂತೆ ಹಾರಿ ಚಕ್ರಕ್ಕೆ ಬಡಿದು ಕೆಳಗೆ ಬಿತ್ತು. ಹನುಮಂತಮ್ಮ ಇನ್ನೊಂದು ಎಲೆ ಹಿಡಿದಳು. ಅದೂ ಹಾರಿತು. ಸಾಲದೆಂದು ಆಕೆ ಒಂದು ಹಿಡಿ ಹೊಟ್ಟನ್ನೇ ತೂರಿದಳು. ಹೊಟ್ಟೆಲ್ಲ ಮುನವ್ವರನ ಗಡ್ಡಕ್ಕೆ ಬಂದು ಕೂತಿತು.

“ಉಲ್ಟಾ ತಿರಗಾಕತ್ತೈತಿ,” ಎಂದ ಅವನು, ಗಡ್ಡ ಕೊಡವಿಕೊಳ್ಳುವುದನ್ನೂ ಮರೆತು. “ತಿರಗ್ತೈತಿ ಅಂತ ನೋಡಿದೆ, ಯಾವ ಕಡೆ ತಿರಗ್ತೈತಿ ಅಂತ ನೋಡ್ಲೇ ಇಲ್ಲ ನಾ.”

ಹನುಮಂತಮ್ಮ ಯಂಕೇಶನಿಗೆ ಫೋನು ಹಚ್ಚಿ, ಇಬ್ಬರಿಗೂ ಕೇಳುವಂತೆ ಇಟ್ಟಳು. ಹಿಂದೆ ಒಮ್ಮೆ ಸೊಲ್ಲಾಪುರದ ಕಡೆ ಹೋದಾಗ ಫ್ಯಾನು ಸುಟ್ಟಿತ್ತಂತೆ. ದಾರಿಯಲ್ಲಿ ಯಾರೋ ಒಬ್ಬರು ಬೇರೆ ಗಾಡಿಯ ಫ್ಯಾನು ಕೂರಿಸಿ ಕೊಟ್ಟಿದ್ದರು. “ಆಮ್ಯಾಲೆ ಎಂದೂ ತ್ರಾಸ ಕೊಟ್ಟಿಲ್ಲ ಬಿಡು ಅತ್ತಿಗೆಮ್ಮ,” ಎಂದ ಯಂಕೇಶ. “ಕುಷ್ಟಗಿ ಬಿಟ್ರ ಜೋರ ಓಡಿಸಿ ಕೊಪ್ಪಳದಾಗ ನಿಲ್ಲಿಸ್ತಿದ್ದೆ ನಾನು.”

“ಅದಕ್ಕ ನಿನಗ ಗೊತ್ತಾಗಿಲ್ಲ,” ಎಂದು ಆಕೆ ಫೋನು ಇಟ್ಟಳು.

ಮುನವ್ವರ ತಂತಿಯ ಮೇಲಿನ ಟೇಪು ಸುಲಿದ. ಒಳಗೆ ಎರಡು ತಂತಿಗಳನ್ನು ಕತ್ತರಿಸಿ ಹೊಸೆದು ಜೋಡಿಸಿದ್ದರು. ಎರಡು ಕಡೆಯ ಬಣ್ಣಗಳೂ ಬೇರೆ ಬೇರೆ. ಯಾವುದಕ್ಕೆ ಯಾವುದು ಎಂದು ತಿಳಿಯದೆ ಅಂದಾಜಿನ ಮೇಲೆ ಕೂಡಿಸಿದ್ದಾರೆ. ಬ್ಯಾಟರಿಯ ಕರೆಂಟು ಅದಲುಬದಲಾಗಿ ಹೋದರೆ ಇಂಥ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ.

“ಆದ್ರ ನಿಂತಾಗ ಯಾಕ ಕುದೀಲಿಲ್ಲ?” ಹನುಮಂತಮ್ಮನಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

ಮುನವ್ವರ ತಂತಿ ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದ. “ನಿಂತಾಗ ಎದುರು ಗಾಳಿ ಇರಂಗಿಲ್ಲ. ಫ್ಯಾನ್ ಯಾವ ಕಡೆ ದಬ್ಬಿದ್ರೂ ಒಂದಿಷ್ಟು ಗಾಳಿ ಆಡ್ತೈತಿ. ಜೋರ ಹೋದಾಗ ಎದುರು ಗಾಳಿ ಫ್ಯಾನಿನ್ನ ಸೋಲಿಸ್ತೈತಿ. ನಿಮ್ಮ ನಿಧಾನಕ್ಕ ಮಾತ್ರ…”

“ಎರಡೂ ಸಮಾ ಆಗ್ತಾವ!” ಆಕೆ ಥಟ್ಟನೆ ಎಂದಳು. “ಹಳ್ಳ ತುಂಬಿ ಬಂದಾಗ, ಗದ್ದಿ ನೀರು ಹಳ್ಳಕ್ಕ ಬಸಿಯೂ ನಮ್ಮ ಬಸಿಗಾಲವ್ಯಾಗ ಹಿಂಗ ಆಗ್ತೈತಿ ನೋಡ್ರಿ. ಹಳ್ಳದ ನೀರು ಈ ಕಡೆ ದಬ್ತೈತಿ, ಕಾಲವಿ ನೀರು ಆ ಕಡೆ ದಬ್ತೈತಿ. ನಡುವ ನೀರು ಎತ್ತಲಾಗೂ ಹೋಗದ ನಿಂತುಬಿಡ್ತೈತಿ.”

“ಹಾಂ, ಅದ! ಗಾಳಿ ನಡುವ ನಿಂತುಬಿಡ್ತೈತಿ.”

ಅವನು ಎರಡು ತಂತಿಗಳನ್ನು ಅದಲುಬದಲು ಮಾಡಿ ಹೊಸೆದು ಟೇಪು ಸುತ್ತಿದ. ಚಾಲೂ ಮಾಡಿದಾಗ ಫ್ಯಾನಿನ ಸದ್ದೇ ಬೇರೆಯಾಗಿತ್ತು, ಗುಂಯ್ ಎನ್ನುವ ಬದಲು ಹಸನಾಗಿ ಉಸಿರೆಳೆದಂತೆ. ಒಣ ಎಲೆ ಹಿಡಿದರೆ ಕೈಯಿಂದ ಕಿತ್ತುಕೊಂಡು ಹೋಗಿ ರೇಡಿಯೇಟರಿಗೆ ಅಂಟಿಕೊಂಡಿತು. ಇಬ್ಬರೂ ಮಕ್ಕಳ ಹಾಗೆ ಒಂದರ ಮೇಲೊಂದು ಎಲೆ ಅಂಟಿಸಿ ನೋಡಿದರು. ಕೊನೆಗೆ ಮುನವ್ವರನೇ ಎಲ್ಲವನ್ನೂ ಕಿತ್ತು, “ಸಾಕ್ರಿ, ಮತ್ತ ಗಾಳಿ ಕಟ್ತೈತಿ,” ಎಂದ.

ಆಗಲೇ ಅವನ ಫೋನು ರಿಂಗಾಯಿತು. ಮುಮ್ತಾಜಬೇಗಂ ಊಟಕ್ಕೆ ಬರುತ್ತೀರೋ ಇಲ್ಲವೋ ಎಂದು ಕೇಳಿದಳು. “ಸಿಕ್ತು, ಸಿಕ್ತು!” ಎಂದ ಅವನು. ಏನು ಸಿಕ್ಕಿತು ಎಂದು ಆಕೆ ಕೇಳಿದ್ದಕ್ಕೆ ಬಿಸಿಲಿನಲ್ಲಿ ನಿಂತೇ ಪೂರ್ತಿ ಕಥೆ ಹೇಳಿದ. ಅಷ್ಟರಲ್ಲಿ ಹನುಮಂತಮ್ಮ ಟವೆಲು ಬಿಗಿದುಕೊಂಡು ಗಾಡಿ ಹತ್ತಿದ್ದಳು.

“ನಾ ಇನ್ನ ಮುಂದ ಹೋಗ್ತೀನ್ರಿ. ಕೊನೀಗೆ ನೀರು ಮುಟ್ಟೈತೋ ಇಲ್ಲೋ ನೋಡಬೇಕು.”

ಮುನವ್ವರನ ಕೆಲಸ ಮುಗಿದಿತ್ತು. ಊಟದ ಹೊತ್ತೂ ಆಗಿತ್ತು. ಆದರೂ ಅವನು ಸ್ಕೂಟರಿನ ಕೀಲಿ ತಿರುಗಿಸುತ್ತ ಕೇಳಿದ: “ಈ ಕೆನಾಲ್ ಎಲ್ಲಿಗೆ ಮುಗೀತೈತ್ರಿ? ಗಂಗಾವತ್ಯಾಗ ಹುಟ್ಟೀನಿ, ಇದರ ನೀರಿನ ಅಕ್ಕಿ ಉಂಡೀನಿ. ಇದರ ತುದಿ ಮಾತ್ರ ನೋಡಿಲ್ಲ.”

“ಬರ್ರಿ ಹಂಗಾದ್ರ.”

ಮತ್ತೆ ಅದೇ ನಿಧಾನ. ದಾರಿಯಲ್ಲಿ ಒಂದು ಕಡೆ ಆಕೆ ಇಳಿದು ತೂಬಿನ ಬಾಯಿಂದ ಚೀಲವೊಂದನ್ನು ಎಳೆದು ಹಾಕಿದಳು. ಇನ್ನೊಂದು ಕಡೆ ದಂಡೆಯ ಹೊರಮೈ ಒದ್ದೆಯಾಗಿರುವುದನ್ನು ಕಂಡು ವಿರುಪಾಕ್ಷಿಗೆ ಫೋನು ಮಾಡಿ ಮಣ್ಣು ಹಾಕಿಸಲು ಹೇಳಿದಳು. ಅದನ್ನು ಇಷ್ಟು ದೂರದಿಂದ ಹೇಗೆ ಗುರುತಿಸಿದಿರಿ ಎಂದು ಮುನವ್ವರ ಕೇಳಿದಾಗ, ಅಲ್ಲಿಯ ಹುಲ್ಲು ಉಳಿದದ್ದಕ್ಕಿಂತ ಹಸಿರಾಗಿರುವುದನ್ನು ತೋರಿಸಿದಳು. ಕಾಟಾ ನಡುಮಧ್ಯದವರೆಗೆ ಏರುವುದು, ಫ್ಯಾನು ತಿರುಗಿದ ಕೂಡಲೇ ಇಳಿಯುವುದು, ಮತ್ತೆ ಏರುವುದು, ಹೀಗೇ ನಡೆದಿತ್ತು. ಕಾಲಿಗೆ ಈಗ ಝಳ ಬಡಿಯುತ್ತಿತ್ತು. ಆಕೆ ಸೀರೆಯ ನೆರಿಗೆಯನ್ನು ಸ್ವಲ್ಪ ಒತ್ತಟ್ಟಿಗೆ ಸರಿಸಿಕೊಂಡಳು.

ಕಾಲುವೆ ಹೋದಂತೆ ಕಿರಿದಾಯಿತು. ಮೊದಲು ಹಾರಿ ದಾಟುವಷ್ಟು, ಆಮೇಲೆ ಒಂದು ಹೆಜ್ಜೆಯಷ್ಟು. ಕಟ್ಟಕಡೆಗೆ ಮಣ್ಣಿನ ಒಂದು ಸಣ್ಣ ಬದುವಿನ ಬಳಿ ಅಂಗೈಯಗಲದ ನೀರು ಬಾಗಿ, ಸದ್ದಿಲ್ಲದೆ ಭತ್ತದ ಬುಡಕ್ಕೆ ಇಳಿಯುತ್ತಿತ್ತು.

“ಇಷ್ಟೇನಾ?” ಎಂದ ಮುನವ್ವರ.

“ಇಷ್ಟೇ ನೋಡ್ರಿ,” ಎಂದಳು ಹನುಮಂತಮ್ಮ.

ಅವನು ಚಪ್ಪಲಿ ಬಿಟ್ಟು ಬದುವಿನ ಮೇಲೆ ಕುಕ್ಕರಿಸಿ, ಒಂದು ಹುಲ್ಲುಕಡ್ಡಿಯನ್ನು ನೀರಿಗೆ ಬಿಟ್ಟು, ಅದು ಯಾವ ಗದ್ದೆಗೆ ಹೋಗುತ್ತದೆ ಎಂದು ನೋಡುತ್ತ ಕುಳಿತ.