ಛಾವಣಿಯ ಕಪ್ಪು ತಂತಿ

ಕಪ್ಪು, ಹೌದು, ಕಪ್ಪೇ, ಬಟ್ಟೆಯ ಪಟ್ಟಿ ಸುತ್ತಿದ ತಂತಿ, ಹಳೆಯ ದೀಪವನ್ನು ಕೊಕ್ಕೆಯಿಂದ ಇಳಿಸಿದೊಡನೆ ಛಾವಣಿಯ ರಂಧ್ರದಿಂದ ಅದೂ ಇಣುಕಿತು, ಎರಡಿರಬೇಕಾದಲ್ಲಿ ಮೂರು — ಮೇಜಿನ ಮೇಲೆ ನಿಂತಿದ್ದ ತಿನಾತಿನ್ ಕೈಯನ್ನು ಎದೆಗೆ ಎಳೆದುಕೊಂಡಳು. ಎರಡರ ಲೆಕ್ಕ ಅವಳಿಗೆ ಗೊತ್ತು, ಒಂದು ಸ್ವಿಚ್ಚಿನಿಂದ ಕರೆಂಟು ತರುವುದು, ಇನ್ನೊಂದು ಮರಳಿ ಒಯ್ಯುವುದು, ಬಣ್ಣವನ್ನು ನಂಬಬಾರದು, ಈ ಕಟ್ಟಡದವರು ಕೈಗೆ ಸಿಕ್ಕ ಬಣ್ಣದ ತಂತಿಯನ್ನೇ ಎಳೆದಿದ್ದಾರೆ, ಮೊದಲು ಸಾಕೆಟ್ಟಿನಲ್ಲಿ ಟೆಸ್ಟರನ್ನೇ ಪರೀಕ್ಷಿಸು, ಹಿಡಿಯೊಳಗೆ ಕಿತ್ತಳೆ ಚುಕ್ಕೆ ಹೊತ್ತಿತೇ, ಅಂದರೆ ಕರೆಂಟಿದೆ, ಸರಿ, ಆಮೇಲೆ ಮನೆಯ ಮೇನ್ ಸ್ವಿಚ್ಚು ಇಳಿಸು, ಆಮೇಲೆ ಪ್ರತಿ ತಂತಿಗೂ ಮುಟ್ಟಿಸು — ಎಲ್ಲವನ್ನೂ ಕ್ರಮವಾಗಿಯೇ ಮಾಡಿದ್ದಾಳೆ, ಎರಡೂ ನಿರ್ಜೀವ, ಆದರೆ ಈ ಮೂರನೆಯದು ಯಾವ ಕ್ರಮಕ್ಕೆ ಸೇರಿದ್ದು? ಕೆಳಗೆ ಮೇಜಿನ ಕಾಲು ಹಿಡಿದ ಮಾವ ಒತಾರ್ ನಗುತ್ತಾರೆ, ಏ ಹುಡುಗೀ, ಅದು ನಂದೇ ತಂತಿ, ಕತ್ತಲೆ ಕಾಲದ್ದು, ಸತ್ತು ಎಷ್ಟೋ ವರ್ಷ ಆಯ್ತು, ಕೈಯಲ್ಲೇ ಮಡಚಿ ಒಳಗೆ ತುರುಕು, ಸಂಜೆ ನೆಂಟರು ಬರ್ತಾರೆ, ಕತ್ತಲಲ್ಲಿ ವೈನ್ ಸುರಿದ್ರೆ ಮೇಜಿನ ಬಟ್ಟೆಯೇ ಅರ್ಧ ಕುಡಿಯುತ್ತೆ.

ಕತ್ತಲೆ ಕಾಲ — ಆಗ ಅವಳಿನ್ನೂ ಮಗು, ತ್ಬಿಲಿಸಿಯ ಚಳಿ, ಸೀಮೆಎಣ್ಣೆ ಒಲೆಯ ವಾಸನೆ, ಕೋಟು ತೊಟ್ಟೇ ಮಲಗುವ ಅಮ್ಮ, ಎದುರಿನ ಆಸ್ಪತ್ರೆಗೆ ಮಾತ್ರ ಕರೆಂಟು, ಅಲ್ಲಿಂದ ಕಿಟಕಿಯಿಂದ ಕಿಟಕಿಗೆ ಗಂಡಸರು ಎಳೆದ ಕಳ್ಳ ತಂತಿಗಳು, ಯಾವುದು ಎಲ್ಲಿಗೆಂದು ಯಾರೂ ಗುರುತು ಹಾಕಲಿಲ್ಲ, ಬೆಳಕು ಮರಳಿದ ಮೇಲೆ ಯಾರೂ ಬಿಚ್ಚಲೂ ಇಲ್ಲ, ಮಾವ, ಇದರ ಇನ್ನೊಂದು ತುದಿ ಎಲ್ಲಿದೆ? ಆಸ್ಪತ್ರೆ ಕಡೇದು ಆಗಲೇ ಕತ್ತರಿಸಿದ್ರು, ಮೇಲ್ಮನೆ ಎಲಿಕೋ ಅಜ್ಜಿಗೂ ಒಂದು ಎಳೆ ಕೊಟ್ಟಿದ್ದೆ, ಅಷ್ಟೇ, ಯಾಕೆ, ಪರೀಕ್ಷೆ ಬರೀತಿದ್ದೀಯಾ? ಹಾಗಾದರೆ ಅಜ್ಜಿಯ ಮನೆಯ ಕರೆಂಟು ಇಲ್ಲಿಗೆ ಇಳಿದೀತು, ನಮ್ಮ ಮೇನ್ ಇಳಿಸಿದರೂ ಅದು ಆರದು, ಟೆಸ್ಟರಿನ ಮೊನೆಯನ್ನು ಮಾತ್ರ ಅದರ ಬರಿ ತುದಿಗೆ ಚಾಚು, ಇನ್ನೂ ಸ್ವಲ್ಪ — ಕಿತ್ತಳೆ ಚುಕ್ಕೆ ಹೊತ್ತಿತು.

ಮಾವನ ನಗು ನಿಂತಿತು. ಬೆಳಿಗ್ಗೆ ಅವರೇ ಬರಿಗೈಯಲ್ಲಿ ಮೇಜು ಹತ್ತಹೊರಟಿದ್ದರು, ಮಂಡಿನೋವು ತಡೆಯದಿದ್ದರೆ, ಆ ಕೈ, ಈ ತುದಿ — ಅಲುಗಬೇಡ ತಾಯೀ, ಅಜ್ಜಿ ಮನೆ ಮೇನ್ ಇಳಿಸಿ ಬರ್ತೀನಿ, ಚುಕ್ಕೆ ಆರಿದ ಕೂಡಲೆ ಪಟ್ಟಿ ಸುತ್ತಿಬಿಡು, ಎಂದು ಏದುತ್ತ ಹತ್ತಿಹೋದರು, ತಲೆಯ ಮೇಲೆ ಈಗ ಅವರ ಹೆಜ್ಜೆ, ಅಜ್ಜಿಯ ಗದರಿಕೆ, ಹಾಡುತ್ತಿದ್ದ ಟಿವಿ ಥಟ್ಟನೆ ಮೌನ, ಚುಕ್ಕೆ ಆರಬೇಕು, ಈಗ ಆರಬೇಕು, ಆರುತ್ತಿಲ್ಲ, ಮೆಟ್ಟಿಲಿನಿಂದ ಮಾವನ ಕೂಗು, ಆರಿಸಿದ್ದೀನಿ ಕಣಮ್ಮಾ, ಟಿವಿನೂ ಸತ್ತಿದೆ, ಮುದುಕಿ ನನ್ನ ವಂಶಾನೇ ಬೈತಿದ್ದಾಳೆ, ಈಗ ಮುಟ್ಟು, ಭಯ ಆದ್ರೆ ಇಳಿ, ನಾನೇ ಬಂದು ಮುಟ್ತೀನಿ — ಹಾಗಾದರೆ ಇದು ಅಜ್ಜಿಯದಲ್ಲ, ಆಸ್ಪತ್ರೆಯದೇ, ಯಾರೂ ಕತ್ತರಿಸಿಯೇ ಇಲ್ಲ, ಇಷ್ಟು ವರ್ಷವೂ ಊಟದ ಮೇಜಿನ ಮೇಲೆ, ಮಕ್ಕಳ ತಲೆಯ ಮೇಲೆ, ಇದನ್ನು ಆರಿಸುವ ಸ್ವಿಚ್ಚು ಯಾರ ಮನೆಯಲ್ಲೂ ಇಲ್ಲ, ಮಾವನ ಚಪ್ಪಲಿ ಮೆಟ್ಟಿಲಿಳಿಯುತ್ತಿದೆ, ಬೇಡ ಮಾವ, ಬೇಡ, ಬಾಗಿಲು ಕಿರುಗುಟ್ಟಿತು, ಕಣ್ಣಿಗೆ ಬೇರೇನೂ ಕಾಣದು, ಕಿತ್ತಳೆ ಚುಕ್ಕೆ, ಉರಿಯುತ್ತಲೇ ಇದೆ, ಕಿತ್ತಳೆ ಚುಕ್ಕೆ