ಹೊರಬದಿಯ ಚಿಲಕ

ಸೊಸೆ ಸ್ಟೂಲಿನ ಮೇಲೆ ನಿಂತು ಚಿಲಕದ ಸ್ಕ್ರೂಗಳನ್ನು ಬಿಚ್ಚುತ್ತಿದ್ದಳು. ಕೊನೆಯದರ ತಲೆ ಸವೆದು ಸ್ಕ್ರೂಡ್ರೈವರ್ ಜಾರುತ್ತಿತ್ತು. ಗಂಡ ಕೆಳಗೆ ಸ್ಟೂಲು ಹಿಡಿದುಕೊಂಡಿದ್ದ. ನಡುಮನೆಯಲ್ಲಿ ತೀರಿಕೊಂಡ ಅತ್ತೆಯನ್ನು ಮಲಗಿಸಿದ್ದರು. ದೂರದಿಂದ ಅವರ ಮಗಳು ಬಂದು ತಲುಪುವ ಮೊದಲು ಅತ್ತೆಯ ಕೋಣೆಯ ಬಾಗಿಲು ಎಲ್ಲರ ಮನೆಯ ಬಾಗಿಲಿನಂತೆ ಕಾಣಬೇಕಿತ್ತು. ಈ ಚಿಲಕವಿದ್ದದ್ದು ಹೊರಬದಿಗೆ.

ಕಳಚಿ ಬಂದದ್ದನ್ನು ಹಳೆಬಟ್ಟೆಯ ಚೀಲದೊಳಗೆ ತುರುಕಿ, ಅದರ ಗುರುತನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ತೂತುಗಳು ಮಾತ್ರ ಉಳಿದವು.

ಹತ್ತಿರದವರು ಒಬ್ಬೊಬ್ಬರಾಗಿ ಬಂದರು. ಅತ್ತೆ ಕಂಡಕ್ಟರ್ ಆಗಿದ್ದ ಬಸ್ಸನ್ನು ಓಡಿಸುತ್ತಿದ್ದ ಮುದುಕ ಡ್ರೈವರ್ ಬಂದು ಕುರ್ಚಿಯ ತುದಿಯಲ್ಲಿ ಕುಳಿತ. ಪಕ್ಕದ ಮನೆಯ ಟೈಲರಮ್ಮ ಬಂದಳು. ಮಗಳು ಬಂದು, ಅತ್ತು, ಕೊನೆಗೆ ಗೋಡೆಗೊರಗಿ ಕುಳಿತಳು.

"ನಿಮ್ಮಮ್ಮ ಸೀಟಿ ಊದದೆ ನಾನು ಒಂದು ದಿನವೂ ಬಸ್ಸು ಎತ್ತಿದವನಲ್ಲ ಕಣಮ್ಮ," ಎಂದ ಡ್ರೈವರ್. "ಮನೇಲಿ ಹೆಂಡತಿಗೂ ಅಷ್ಟು ಹೆದರಿರಲಿಲ್ಲ."

"ಅದನ್ನ ಹೆಂಡತಿ ಮುಂದೆ ಹೇಳಿ ನೋಡೋಣ," ಎಂದಳು ಟೈಲರಮ್ಮ.

"ಒಂದ್ಸಲ ಒಬ್ಬ ಕುಡುಕ, ನಡುದಾರೀಲಿ ಇಳಿಸಿ ಅಂತ ಹಟ ಹಿಡಿದ. ಸುತ್ತ ಒಂದು ಮನೆ ಇಲ್ಲ. ಬೇಡ ಅಂದೆ. ನಿಮ್ಮಮ್ಮ ಏನಂದ್ಳು ಗೊತ್ತಾ? 'ಮುಂದೆ ಹಳ್ಳ ಇದೆ ಅಂತ ಹೇಳೋದು ನನ್ ಕೆಲಸ. ಇಳಿಯೋದು ಬಿಡೋದು ಅವನಿಷ್ಟ. ಟಿಕೆಟ್ ತಗೊಂಡ ತಕ್ಷಣ ಮನುಷ್ಯ ಲಗೇಜ್ ಆಗ್ಬಿಡಲ್ಲ.' ಸೀಟಿ ಊದೇಬಿಟ್ಳು."

"ಆಮೇಲೆ?"

"ಬಿದ್ದ. ಕೈ ಮುರ್ಕೊಂಡ. ಗುಣ ಆದ್ಮೇಲೆ ಅದೇ ಬಸ್ ಹತ್ತಿ ಅವಳನ್ನೇ ಬೈದ. 'ಬಯ್ಯೋದೂ ನಿನ್ನಿಷ್ಟ, ಮೊದ್ಲು ಟಿಕೆಟ್ ತಗೋ' ಅಂದ್ಳು."

ಸತ್ತ ಮನೆ ಎಂಬುದನ್ನು ಮರೆತು ಎಲ್ಲರೂ ನಕ್ಕರು. ಸೊಸೆ ಮಾತ್ರ ನಗಲಿಲ್ಲ.

*

ಮರೆವು ಶುರುವಾದ ಮೇಲೆ ಅತ್ತೆ ಒಂದು ಮಧ್ಯಾಹ್ನ ಹೊರಗೆ ಹೋದವರು, ಸಂಜೆ ಮಂಡಿ ಒಡೆದುಕೊಂಡು ಯಾರದೋ ಸ್ಕೂಟರಿನ ಹಿಂದೆ ಕುಳಿತು ಮನೆಗೆ ಬಂದಿದ್ದರು. ಮರುದಿನವೇ ಮಗ ಚಿಲಕ ಜಡಿದ.

"ನಿನ್ನ ಒಳ್ಳೇದಕ್ಕೇ ಅಮ್ಮ."

"ನನ್ ಒಳ್ಳೇದು ಯಾವುದು ಅಂತ ನನ್ನ ಕೇಳೋದು ಬೇಡ್ವಾ?"

"ಮತ್ತೆ ಬಿದ್ರೆ?"

"ಬೀಳೋ ಮಂಡಿ ಯಾರ್ದೋ?"

"ನಿಂಗೆ ಮನೆ ದಾರೀನೇ ನೆನಪಿರಲ್ಲ."

"ಮರೆತ್ರೆ ಕೇಳ್ಕೊಂಡು ಬರ್ತೀನಿ. ಬಾಯಿ ಇದೆಯಲ್ಲ."

ಮಗ ಚಿಲಕ ಹಾಕಿ ಕೆಲಸಕ್ಕೆ ಹೋದ. ಸೊಸೆಗೂ ಬೇಕರಿ ಕೆಲಸಕ್ಕೆ ಹೊತ್ತಾಗುತ್ತಿತ್ತು. ದಿನಾ ಅವಳು ಚಪ್ಪಲಿ ಹಾಕಿಕೊಳ್ಳುವಾಗ ಒಳಗಿನಿಂದ ಮೆಲ್ಲನೆ ಬಾಗಿಲು ಬಡಿಯುವ ಸದ್ದು. "ಸ್ವಲ್ಪ ತೆಗೀತೀಯೇನಮ್ಮ?"

"ಸಂಜೆ ಬಂದು ತೆಗೀತೀನಿ ಅತ್ತೆ."

ನಿನ್ನೆ ಸಂಜೆ ಬಂದು ಚಿಲಕ ತೆಗೆದಳು. ಬಾಗಿಲು ತೆರೆಯಲಿಲ್ಲ. ಭುಜ ಕೊಟ್ಟು ನೂಕಿದಳು. ಅತ್ತೆ ಒಳಗೆ ಬಾಗಿಲಿಗೇ ಒರಗಿ ಕುಳಿತಿದ್ದರು.

*

ತಾಯಿಯ ಕಾಲಿಗೆ ಹೊದಿಸಲು ಶಾಲು ತರಲೆಂದು ಕೋಣೆಗೆ ಹೊರಟ ಮಗಳು ಬಾಗಿಲಲ್ಲೇ ನಿಂತಳು. ತೂತಿನ ಮೇಲೆ ಬೆರಳಿಟ್ಟಳು. ಬೆರಳಿಗೆ ಮರದ ಪುಡಿ ಹತ್ತಿತು.

"ಇಲ್ಲೇನಿತ್ತು?"

"ಕ್ಯಾಲೆಂಡರ್ ಮೊಳೆ," ಎಂದ ತಮ್ಮ.

"ಬಾಗಿಲ ಅಂಚಿಗೆ ಕ್ಯಾಲೆಂಡರಾ? ಒಂದಕ್ಕೆ ಇಷ್ಟು ಮೊಳೆನಾ?" ಅವಳು ತಿರುಗಿದಳು. "ಅಮ್ಮನ್ನ ಕೂಡಿ ಹಾಕಿದ್ಯಾ?"

ಕಾಫಿ ಲೋಟಗಳು ಬಾಯಿಯ ಹತ್ತಿರವೇ ನಿಂತವು.

"ಫೋನಲ್ಲಿ ಹೇಳಿದ್ನಲ್ಲಕ್ಕ. ಬಾಗಿಲು ಭದ್ರ ಮಾಡಿದೀನಿ ಅಂದೆ. ಸದ್ಯ, ಇನ್ನು ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ ಅಂದಿದ್ದು ಯಾರು?"

"ನಾನು… ನಾನು ಬೀದಿ ಬಾಗಿಲು ಅಂದ್ಕೊಂಡೆ ಕಣೋ."

"ಬೀದಿ ಬಾಗಿಲಾಗಿದ್ರೆ ಸರಿ ಇತ್ತಾ ಅಕ್ಕ?"

ಕೇಳಿದ್ದು ಸೊಸೆ. ಬೆಳಗಿನಿಂದ ಅವಳ ದನಿಯನ್ನು ಯಾರೂ ಕೇಳಿರಲಿಲ್ಲ. ಮಗಳು ಬೆರಳಿನ ಪುಡಿಯನ್ನು ಗೋಡೆಗೆ ಒರೆಸಿದಳು. ಟೈಲರಮ್ಮ ಸೆರಗಿನ ಅಂಚನ್ನು ನೋಡತೊಡಗಿದಳು. ಮಧ್ಯಾಹ್ನಗಳಲ್ಲಿ ಅವಳ ಹೊಲಿಗೆ ಯಂತ್ರ ನಿಂತಾಗೆಲ್ಲ ಆ ಬಡಿತ ಗೋಡೆಯಾಚೆಗೂ ಕೇಳುತ್ತಿತ್ತು.

ಡ್ರೈವರ್ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. "ಮೊನ್ನೆ ನಾನೂ ಬಂದಿದ್ದೆ. ಚಿಲಕ ತೆಗೆದೇ ಒಳಗೆ ಹೋದೆ. ಇಬ್ಬರೂ ನಗಾಡಿದ್ವಿ. ಬರೋವಾಗ, ಬೇರೆಯವರ ಮನೆ, ಹೇಗಿತ್ತೋ ಹಾಗೇ ಇರ್ಲಿ ಅಂತ…"

"ಹಾಕಿ ಬಂದ್ರಾ?"

"ಹಾಕಿ ಬಂದೆ."

"ಅಮ್ಮ ಏನೂ ಅನ್ಲಿಲ್ವಾ ಮಾಮ?"

"'ಏಯ್, ನಾನಿನ್ನೂ ಸೀಟಿ ಊದಿಲ್ಲ' ಅಂದ್ಳು ಒಳಗಿಂದ. ತಮಾಷೆ ಅಂದ್ಕೊಂಡು ನಕ್ಕೊಂಡೇ ಮೆಟ್ಟಿಲು ಇಳಿದೆ."

ಮಗಳು ತರಲು ಹೋದ ಶಾಲು ಕೋಣೆಯಲ್ಲೇ ಉಳಿಯಿತು.

ಅಷ್ಟರಲ್ಲಿ ಶವದ ಗಾಡಿ ಬಂತು. ಮಗ, ಮಗಳು, ಸೊಸೆ, ಡ್ರೈವರ್ ನಾಲ್ವರೂ ಹೆಗಲು ಕೊಟ್ಟು ಹೊತ್ತು ತಂದು, ಹಿಂದಿನಿಂದ ಒಳಗೆ ಸರಿಸಿದರು. ಎಲ್ಲರಿಗೂ ಅನ್ನಿಸಿದ್ದು ಒಂದೇ: ಎಷ್ಟು ಹಗುರ.

ಗಾಡಿಯವನು ಎಂಜಿನ್ ಚಾಲೂ ಮಾಡಿ ಕನ್ನಡಿಯಲ್ಲಿ ನೋಡಿದ. "ಹಿಂದಿನ ಬಾಗಿಲು ಹಾಕ್ಬಿಡಿ. ಅದನ್ನ ಹೊರಗಿಂದಾನೇ ಹಾಕ್ಬೇಕು."

ಬಾಗಿಲು ತೆರೆದೇ ಇತ್ತು. ಅದರ ಸುತ್ತ ಎಂಟು ಕೈಗಳು ಜೋತುಬಿದ್ದಿದ್ದವು. ಮಗ ಒಂದು ಹೆಜ್ಜೆ ಮುಂದಿಟ್ಟು ನಿಂತುಬಿಟ್ಟ.

ಗಾಡಿಯವನು ಕಿಟಕಿಯಿಂದ ತಲೆ ಹೊರಹಾಕಿದ.

"ಯಾರಾದ್ರೂ ಒಬ್ಬರು ಹಾಕ್ರೀ."