ಫಿರಂಗಿ ಬಾಯಿಯ ಸೊನ್ನೆ

ಅಕ್ಕನ ಕಾಲು ಬೆಳಗಿನಿಂದ ಒಂದು ಕಡೆ ನಿಲ್ಲುತ್ತಿರಲಿಲ್ಲ. ಸರ್ಕಸ್ಸಿನಲ್ಲಿ ಫಿರಂಗಿಯ ಲೆಕ್ಕ ಅವಳದ್ದು, ಗುಂಡಿ ಒತ್ತುವವಳೂ ಅವಳೇ. ಅದರೊಳಗಿಂದ ಹಾರುವವಳು ಅವಳ ಒಡಹುಟ್ಟಿದ ತಂಗಿ. ಡೇರೆಯಲ್ಲಾದರೆ ತಲೆಯ ಮೇಲೆ ಬೇಕಾದಷ್ಟು ಜಾಗ. ಬಲೆ ಎಷ್ಟು ದೂರದಲ್ಲಿ ಕಟ್ಟಬೇಕೆಂದು ಗೊತ್ತಾದರೆ ಮುಗಿಯಿತು. ಆದರೆ ಗಾಳಿಗೆ ಡೇರೆ ಹರಿದು, ಈ ಬಾಡಿಗೆ ಸಭಾಂಗಣಕ್ಕೆ ಬಂದಿದ್ದರು. ಇಲ್ಲಿ ನಟ್ಟನಡುವೆ, ಹಾರುವ ದಾರಿಗೆ ಅಡ್ಡಲಾಗಿ ಕಬ್ಬಿಣದ ತೊಲೆಯಿತ್ತು, ನೆಲದಿಂದ ಏಳು ಮೀಟರ್ ಮೇಲೆ.

ಹೊಸ ಜಾಗದಲ್ಲಿ ಮೊದಲು ತಂಗಿಯ ತೂಕದ ಮರಳಿನ ಚೀಲವನ್ನು ಹಾರಿಸಿ ನೋಡುವುದು ರೂಢಿ. ಸಭಾಂಗಣದ ಮೇಲ್ವಿಚಾರಕ ಸುತರಾಂ ಒಪ್ಪಲಿಲ್ಲ.

"ಮರದ ನೆಲ ಕಣಮ್ಮಾ. ಒಂದು ಹಿಡಿ ಮರಳು ಬಿದ್ರೂ ಗೀರಾಗುತ್ತೆ."

ಹಾಗಾಗಿ ಅಕ್ಕ ಲೆಕ್ಕವನ್ನೇ ನಂಬಬೇಕಾಯಿತು. ಮೇಲಕ್ಕೆ ಚಿಮ್ಮುವ ವೇಗ ಸೆಕೆಂಡಿಗೆ ಹತ್ತು ಮೀಟರ್. ಟಿ ಸೆಕೆಂಡಿಗೆ ಎತ್ತರವೆಂದರೆ ಹತ್ತು ಟಿ, ಅದರಲ್ಲಿ ಐದು ಟಿ ವರ್ಗ ಕಳೆಯಬೇಕು. ಸೊನ್ನೆಯಿಂದ ಹೊರಟವಳು ಎರಡನೇ ಸೆಕೆಂಡಿಗೆ ಮತ್ತೆ ಸೊನ್ನೆಗೆ ಬರುತ್ತಾಳೆ. ಅಂದರೆ ಹಾರಾಟದ ನೆತ್ತಿ ಸರಿಯಾಗಿ ಅರ್ಧದಲ್ಲಿ, ಒಂದನೇ ಸೆಕೆಂಡಿಗೆ: ಐದು ಮೀಟರ್. ತೊಲೆಗೆ ಇನ್ನೂ ಎರಡು ಮೀಟರ್ ಬಾಕಿ. ಎಷ್ಟು ಸಲ ಮಾಡಿದರೂ ಅದೇ ಐದು. ಆದರೂ ಎದ್ದು ಮತ್ತೆ ತೊಲೆಯ ಕೆಳಗೆ ಅತ್ತಿಂದಿತ್ತ ನಡೆದಳು.

"ಲೆಕ್ಕ ಸರಿ ಇದೆ ತಾನೆ? ಮತ್ಯಾಕೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತೀಯ?" ತಂಗಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ ನಕ್ಕಳು.

"ನಿನ್ನ ಕೆಲ್ಸ ನೀನು ನೋಡ್ಕೊಳ್ಳೇ."

ಲೆಕ್ಕವೆಂಬುದು ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಪ್ರಾಣಿ. ಕೇಳದ್ದನ್ನು ತಾನಾಗಿ ಹೇಳುವ ಒಳ್ಳೆಯತನ ಅದಕ್ಕೆಲ್ಲಿಂದ ಬರಬೇಕು?

ಸಂಜೆ ಜನ ಕಿಕ್ಕಿರಿದಿದ್ದರು. ಡೋಲು ಶುರುವಾಯಿತು. ತಂಗಿ ಎಲ್ಲರಿಗೂ ಕೈ ಬೀಸಿ, ಏಣಿ ಹತ್ತಿ, ಫಿರಂಗಿಯ ಬಾಯೊಳಗೆ ಇಳಿದಳು. ಅಕ್ಕ ಗುಂಡಿಯ ಮೇಲೆ ಬೆರಳಿಟ್ಟಳು. ಕಣ್ಣು ಮಾತ್ರ ಏಣಿಯ ಮೇಲೇ ಇತ್ತು.

ಏಣಿ! ಬಂಡಿಯ ಮೇಲಿನ ಫಿರಂಗಿಯ ಬಾಯಿ ನೆಲದಿಂದ ಎರಡೂವರೆ ಮೀಟರ್ ಎತ್ತರದಲ್ಲಿತ್ತು. ಬಲೆಯನ್ನೂ ಯಾವಾಗಲೂ ಅದೇ ಮಟ್ಟಕ್ಕೆ ಕಟ್ಟುತ್ತಿದ್ದರಿಂದ ಇಷ್ಟು ವರ್ಷ ಅವಳ ಸೊನ್ನೆ ಬಾಯಿಯಿಂದಲೇ ಶುರುವಾಗುತ್ತಿತ್ತು. ತೊಲೆಯನ್ನು ಅಳೆದದ್ದು ಮಾತ್ರ ನೆಲದಿಂದ. ಐದಕ್ಕೆ ಎರಡೂವರೆ ಸೇರಿದರೆ ಏಳೂವರೆ, ತೊಲೆಯೋ ಏಳರಲ್ಲಿ.

ಕಾದ ಹಂಚು ಮುಟ್ಟಿದವಳಂತೆ ಅಕ್ಕ ಕೈ ಹಿಂದೆಗೆದಳು. ಡೋಲು ತಡವರಿಸಿತು. ಜನ ಸಿಳ್ಳೆ ಹಾಕಿದರು.

"ಒತ್ತೇ ಅಕ್ಕಾ! ಒಳಗೆ ಬೇಯ್ತಾ ಇದೀನಿ!"

"ಹೊರಗೆ ಬಾರೇ. ಮೊದಲು ಹೊರಗೆ ಬಾ!"

ತಂಗಿ ಉರಿಮುಖ ಮಾಡಿಕೊಂಡು ಇಳಿದಳು. ಅಕ್ಕ ತೊಲೆಯ ಕೆಳಗಿನ ಜನರನ್ನು ಎಬ್ಬಿಸಿ ದೂರ ಕಳಿಸಿ, ಬಂಡಿಯಲ್ಲಿದ್ದ ಮರಳಿನ ಚೀಲವನ್ನು ಆಳುಗಳಿಂದ ಫಿರಂಗಿಗೆ ತುಂಬಿಸಿದಳು. ಮೇಲ್ವಿಚಾರಕ ಕೂಗುತ್ತಾ ಓಡಿ ಬರುವಷ್ಟರಲ್ಲಿ ಗುಂಡಿ ಒತ್ತಿಯಾಗಿತ್ತು.

ಚೀಲ ತೊಲೆಗೆ ಬಡಿದ ಸದ್ದು ಕೇಳಿ ಇಡೀ ಸಭಾಂಗಣ ಗಪ್‌ಚಿಪ್ಪಾಯಿತು. ಮರಳು ಬಹಳ ಹೊತ್ತು ಸುರಿಯಿತು. ಮೇಲ್ವಿಚಾರಕ ಒಮ್ಮೆ ನೆಲ ನೋಡಿದ, ಒಮ್ಮೆ ತಂಗಿಯನ್ನು ನೋಡಿದ, ತೆರೆದ ಬಾಯಿ ಮುಚ್ಚಿಕೊಂಡು ತಾನೇ ಪೊರಕೆ ತರಲು ಹೋದ.

ತಂಗಿ ಚೀಲವನ್ನು ಎತ್ತಿ ನೋಡಿದಳು. ಮೇಲಿನ ತುದಿ, ತಲೆ ಇರುವ ಕಡೆ, ಬಾಯಿ ಬಿಟ್ಟಿತ್ತು.

"ಲೆಕ್ಕ ಸರಿ ಇದೆ ಅನ್ಕೊಂಡಿದ್ನಲ್ಲೇ," ಎಂದಳು.

"ಸರಿಯಾಗೇ ಇತ್ತು. ನೀನು ಹತ್ತೋ ಏಣಿನ ಮಾತ್ರ ನಾನು ಮರೆತಿದ್ದೆ."

ಬಯ್ಯುತ್ತಾಳೆಂದು ಅಕ್ಕ ಕಾದಳು. ತಂಗಿ ಬಯ್ಯಲಿಲ್ಲ. ಅಕ್ಕನ ಬೆರಳನ್ನು, ಗುಂಡಿಯ ಮೇಲಿದ್ದ ಆ ಬೆರಳನ್ನೇ, ಗಟ್ಟಿಯಾಗಿ ಹಿಡಿದುಕೊಂಡಳು. ಜನರೆಲ್ಲ ಎದ್ದು ಹೋದ ಮೇಲೂ ಬಿಡಲಿಲ್ಲ.